ರೋಮನ್ ನಾಣ್ಯಗಳನ್ನು ಓದುವ ಬಗೆ

ಪುರಾತನ ರೋಮಿನ ನಾಣ್ಯಗಳನ್ನು ಸಂಗ್ರಹಿಸುವುದು ಧನಿಕರಿಗೆ ಮಾತ್ರ ಸಾಧ್ಯವೆಂಬ ಭಾವನೆ ಹಲವರಲ್ಲಿದೆ. ಚಿನ್ನದ ನಾಣ್ಯಗಳ ಮಟ್ಟಿಗೆ ಇದು ನಿಜ. ಆದರೆ ನಾಲ್ಕನೆಯ ಶತಮಾನದ ಸಣ್ಣ ಕಂಚಿನ ನಾಣ್ಯಗಳು ಇಂದಿಗೂ ದುರ್ಲಭವಲ್ಲ. ಈ ಹವ್ಯಾಸಕ್ಕೆ ಹಣಕ್ಕಿಂತ ಹೆಚ್ಚಾಗಿ ಬೇಕಾದುದು ಓದುವ ಕಣ್ಣು.

ಮೊದಲು ಲೋಹವನ್ನೂ ತೂಕವನ್ನೂ ಗಮನಿಸಬೇಕು. ಅಗಸ್ಟಸನ ಕಾಲದಲ್ಲಿ ಚಿನ್ನದ ಒಂದು ಔರಿಯಸ್ ಬೆಳ್ಳಿಯ 25 ದಿನಾರಿಯಸ್‌ಗಳಿಗೆ ಸಮನಾಗಿದ್ದಿತು. ಒಂದು ದಿನಾರಿಯಸ್‌ಗೆ ಹಿತ್ತಾಳೆಯ 4 ಸೆಸ್ಟರ್ಷಿಯಸ್‌ಗಳು. ಒಂದು ಸೆಸ್ಟರ್ಷಿಯಸ್‌ಗೆ ತಾಮ್ರದ 4 ಆಸ್‌ಗಳು. ಆಗಿನ ದಿನಾರಿಯಸ್ ಸುಮಾರು 3.9 ಗ್ರಾಂ ತೂಗುತ್ತಿದ್ದಿತು. ಕ್ರಿ. ಶ. 64ರ ಸುಮಾರಿಗೆ ನೀರೊ ಅದನ್ನು 3.4 ಗ್ರಾಮಿಗೆ ಇಳಿಸಿದನು. ಹೀಗೆ ತಕ್ಕಡಿಯೊಂದೇ ನಾಣ್ಯದ ಕಾಲವನ್ನು ಕುರಿತು ಒಂದು ಸುಳಿವನ್ನು ಕೊಡುತ್ತದೆ.

ಅನಂತರ ಮುಖವನ್ನು ನೋಡಬೇಕು. 117ರಲ್ಲಿ ಪಟ್ಟಕ್ಕೆ ಬಂದ ಹೇಡ್ರಿಯನನಿಂದ ಮೊದಲುಗೊಂಡು ತುಂಬುಗಡ್ಡದ ಚಕ್ರವರ್ತಿಗಳು ಕಾಣಿಸಿಕೊಳ್ಳುತ್ತಾರೆ. ಬೆಳ್ಳಿಯ ನಾಣ್ಯದಲ್ಲಿ ತಲೆಯ ಮೇಲೆ ಸೂರ್ಯಕಿರಣಗಳಂತಹ ಕಿರೀಟವಿದ್ದರೆ ಅದು 215ರಲ್ಲಿ ಕ್ಯಾರಕಲ್ಲನು ಹೊರಡಿಸಿದ ಹೊಸ ಬಗೆಯದು, ಇಲ್ಲವೆ ಅದಕ್ಕೂ ಈಚಿನದು.

ಅಂಚಿನ ಸುತ್ತ ಇರುವ ಬರಹವೇ ಮುಖ್ಯ ಸಾಕ್ಷಿ. ಇಂಗ್ಲಿಷ್ ಬಲ್ಲ ವಿದ್ಯಾರ್ಥಿಗಳಿಗೆ ಅದರ ಅಕ್ಷರಗಳು ಪರಿಚಿತವೇ. ಆದರೆ 'ಯು' ಇರಬೇಕಾದಲ್ಲಿ 'ವಿ' ಇರುತ್ತದೆ, ಪದಗಳನ್ನು ಮೊಟಕುಮಾಡಿರುತ್ತಾರೆ. 'ಟಿ ಆರ್ ಪಿ' ಎಂಬುದು ವರ್ಷವರ್ಷವೂ ನವೀಕರಿಸುತ್ತಿದ್ದ ಟ್ರಿಬ್ಯೂನ್ ಅಧಿಕಾರವನ್ನು ಸೂಚಿಸುತ್ತದೆ. ಅದರ ಮುಂದಿನ ಅಂಕಿಯಿಂದ ನಾಣ್ಯದ ವರ್ಷವನ್ನೇ ನಿರ್ಧರಿಸಬಹುದು.

ಹಿಂಬದಿಯ ಚಿತ್ರವೂ ಮಾತನಾಡುತ್ತದೆ. ಕಾನ್ಸ್ಟಂಟೈನನ ಮನೆತನದ ಒಂದು ಸಾಮಾನ್ಯ ಕಂಚಿನ ನಾಣ್ಯದಲ್ಲಿ ಇಬ್ಬರು ಸೈನಿಕರು ನಿಂತಿದ್ದಾರೆ. ಅವರ ನಡುವೆ ಎರಡು ಧ್ವಜದಂಡಗಳಿದ್ದರೆ ಅದು 330ರಿಂದ 335ರೊಳಗಿನದು. ಒಂದೇ ಇದ್ದರೆ ಅದರ ಈಚಿನದು. ಚಿತ್ರದ ಕೆಳಗಿನ ಕಿರಿಯ ಅಕ್ಷರಗಳು ಟಂಕಸಾಲೆಯ ಊರನ್ನು ತಿಳಿಸುತ್ತವೆ. ಹೊಸ ಸಂಗ್ರಾಹಕನ ಅಭ್ಯಾಸಕ್ಕೆ ಇಂತಹ ನಾಣ್ಯವೇ ಯೋಗ್ಯವಾದುದು.

ಒಂದು ಭೂತಗನ್ನಡಿ, ಸೂಕ್ಷ್ಮವಾದ ತಕ್ಕಡಿ, ಒಂದು ಟಿಪ್ಪಣಿ ಪುಸ್ತಕ—ಆರಂಭಕ್ಕೆ ಇಷ್ಟು ಸಾಕು. ನಾಣ್ಯವನ್ನು ಹುಣಿಸೆಹಣ್ಣಿನಿಂದಾಗಲಿ ಆಮ್ಲದಿಂದಾಗಲಿ ಉಜ್ಜಬಾರದು. ಶತಮಾನಗಳಿಂದ ಕೂಡಿದ ಕಿಲುಬಿನ ಪದರದೊಡನೆ ಅಕ್ಷರಗಳೂ ಅಳಿದುಹೋಗುತ್ತವೆ. ಅಂಚಿನಲ್ಲಿ ಎರಕದ ಗೆರೆ, ಮೈಮೇಲೆ ಗುಳ್ಳೆಯ ಕುಳಿಗಳು, ಮಸುಕಾದ ಅಕ್ಷರಗಳು—ಇವು ಕಂಡರೆ ನಾಣ್ಯ ನಕಲಿಯೆಂದು ಶಂಕಿಸಬೇಕು. ನಿಜವಾದ ರೋಮನ್ ನಾಣ್ಯಗಳನ್ನು ಸಾಮಾನ್ಯವಾಗಿ ಎರಡು ಅಚ್ಚುಗಳ ನಡುವೆ ಇಟ್ಟು ಸುತ್ತಿಗೆಯಿಂದ ಹೊಡೆದು ಮಾಡುತ್ತಿದ್ದರು.

ನಾಣ್ಯದ ಮೇಲೆ ಬರೆದಿರದ ಸಂಗತಿಯೊಂದಿದೆ: ಅದು ದೊರೆತ ಸ್ಥಳ. ಮೆಣಸು ಮೊದಲಾದ ಸರಕುಗಳಿಗಾಗಿ ರೋಮಿನ ಬೆಳ್ಳಿಬಂಗಾರ ಭಾರತಕ್ಕೆ ಹರಿದುಬಂದಿತು. 1947ರಲ್ಲಿ ಮಾರ್ಟಿಮರ್ ವೀಲರರು ಚಿತ್ರದುರ್ಗದ ಬಳಿಯ ಚಂದ್ರವಳ್ಳಿಯಲ್ಲಿ ಉತ್ಖನನ ನಡೆಸಿದಾಗ ಶಾತವಾಹನರ ಕಾಲದ ನೆಲೆಯಲ್ಲಿ ಟೈಬೀರಿಯಸನ ದಿನಾರಿಯಸ್ ದೊರೆಯಿತು. ಆ ಚಕ್ರವರ್ತಿ ಆಳಿದುದು ಕ್ರಿ. ಶ. 14ರಿಂದ 37ರವರೆಗೆ. ಆದುದರಿಂದ ಆ ಮಣ್ಣಿನ ಪದರ ಅವನ ಆಳ್ವಿಕೆಗಿಂತ ಹಿಂದಿನದಾಗಿರಲಾರದು. ಅದರೊಡನಿದ್ದ ಮಡಕೆಚೂರುಗಳ ಕಾಲನಿರ್ಣಯಕ್ಕೂ ಇದರಿಂದ ಆಧಾರ ದೊರೆಯಿತು. ಅದೇ ನಾಣ್ಯವನ್ನು ಯಾರೋ ರಹಸ್ಯವಾಗಿ ಅಗೆದು ಮಾರಿದ್ದರೆ ಕೆಲವು ಗ್ರಾಂ ಬೆಳ್ಳಿ ಉಳಿಯುತ್ತಿತ್ತು. ಚಂದ್ರವಳ್ಳಿಯ ಚರಿತ್ರೆ ಉಳಿಯುತ್ತಿರಲಿಲ್ಲ.

ಆದುದರಿಂದ ಮೂಲ ತಿಳಿಯದ, ಮಣ್ಣು ಮೆತ್ತಿದ ನಾಣ್ಯಗಳನ್ನು ಕೊಳ್ಳಬಾರದು. ಹೊಲದಲ್ಲೋ ಅಡಿಪಾಯದಲ್ಲೋ ನಾಣ್ಯಗಳು ಸಿಕ್ಕಿದರೆ ಅವನ್ನು ಕದಲಿಸದೆ ಸರ್ಕಾರದ ಅಧಿಕಾರಿಗಳಿಗೆ ತಿಳಿಸಬೇಕು. ಕಾನೂನೂ ಇದನ್ನೇ ವಿಧಿಸುತ್ತದೆ. ಕೊಂಡ ಪ್ರತಿಯೊಂದು ನಾಣ್ಯಕ್ಕೂ ತೂಕ, ಬರಹ, ಚಿತ್ರ, ಯಾರಿಂದ ಯಾವಾಗ ಬಂದಿತು ಎಂಬ ವಿವರಗಳ ಚೀಟಿಯಿರಲಿ. ಆ ಚೀಟಿ ಕಳೆದುಹೋದರೆ ನಾಣ್ಯದ ಅರ್ಧ ಬೆಲೆ ಕಳೆದುಹೋದಂತೆಯೇ ಸರಿ.