ಕರಿಬೇವಿನ ಎಲೆಯೊಳಗೆ ಎರಡು ಕಾರ್ಖಾನೆ

ಮಾಟುಂಗ ಮಾರುಕಟ್ಟೆಯಿಂದ ತಂದ ಕರಿಬೇವಿನ ಎಲೆಯ ಜೀವಕೋಶದಲ್ಲಿ ಪ್ರೋಟೀನು ತಯಾರಿಸುವ ರೈಬೋಸೋಮುಗಳು ಒಂದೇ ಬಗೆಯವಲ್ಲ. ಕೋಶದ್ರವದಲ್ಲಿರುವುದು 80ಎಸ್. ಹಸಿರು ಕ್ಲೋರೋಪ್ಲಾಸ್ಟಿನೊಳಗೆ ಇರುವುದು 70ಎಸ್. 50ಎಸ್ ಮತ್ತು 30ಎಸ್ ತುಂಡುಗಳ ಜೋಡಿ. ಲೆಕ್ಕ ತಪ್ಪಿತೆನ್ನಬೇಡಿ! ಎಸ್ ಎಂಬುದು ತೂಕವಲ್ಲ, ಯಂತ್ರದಲ್ಲಿ ಗಿರಗಿರನೆ ತಿರುಗಿಸಿದಾಗ ತಳಕ್ಕಿಳಿಯುವ ವೇಗದ ಅಳತೆ.

ಕ್ಲೋರೋಪ್ಲಾಸ್ಟಿನ ಪೂರ್ವಜ ಸ್ವತಂತ್ರವಾಗಿದ್ದ ಸಯನೋಬ್ಯಾಕ್ಟೀರಿಯಾ. ಅದಕ್ಕೇ ಅದರ ರೈಬೋಸೋಮು ಬ್ಯಾಕ್ಟೀರಿಯಾದ್ದನ್ನು ಹೋಲುತ್ತದೆ. ಗಾಳಿಯ ಇಂಗಾಲ ಹಿಡಿಯುವ ರುಬಿಸ್ಕೋ ಎಂಬ ಪ್ರೋಟೀನಿನ ದೊಡ್ಡ ತುಂಡು ಅಲ್ಲೇ ತಯಾರು. ಚಿಕ್ಕದು ಹೊರಗೆ ತಯಾರಾಗಿ ಒಳಗೆ ಬಂದು ಕೂಡಿಕೊಳ್ಳುತ್ತದೆ.

ಬ್ಯಾಕ್ಟೀರಿಯಾದ ರೈಬೋಸೋಮನ್ನು ಕೆಡಿಸುವ ಸ್ಟ್ರೆಪ್ಟೊಮೈಸಿನ್ ಎಳೆಯ ಸಸಿಯನ್ನೂ ಬಿಳುಚಿಸಬಲ್ಲದು. ಉಳಿದ ಆಂಟಿಬಯೋಟಿಕ್ ಔಷಧಿಯನ್ನು ಬಾಲ್ಕನಿಯ ತುಳಸಿ ಕುಂಡಕ್ಕೆ ಸುರಿಯಬೇಡಿ.