ಕಾಲು ಚಾಚುವ ಹೊತ್ತು

ಪವಿತ್ರ ಗುರುವಾರದ ಸಂಜೆ. ಮಂಗಳೂರಿನ ಇಗರ್ಜಿಯೊಂದರಲ್ಲಿ ಪೀಠದ ಮುಂದೆ ಹನ್ನೆರಡು ಕುರ್ಚಿ. ಕೂತವರೆಲ್ಲ ಬಲಗಾಲಿನ ಚಪ್ಪಲಿ ಕಳಚಿದ್ದಾರೆ. ಪಾದ್ರಿಗಳು ಮೇಲಿನ ಪೂಜಾವಸ್ತ್ರ ತೆಗೆದಿಟ್ಟು, ಸೊಂಟಕ್ಕೆ ಬಿಳಿ ಟವೆಲ್ ಕಟ್ಟಿಕೊಂಡು ಮೊಣಕಾಲೂರಿದ್ದಾರೆ. ತಂಬಿಗೆಯಿಂದ ನೀರು ಹೊಯ್ದು, ಒರೆಸಿ, ಬಾಗಿ ಪಾದಕ್ಕೆ ಮುತ್ತಿಟ್ಟು ಮುಂದಿನವರತ್ತ ಸರಿಯುತ್ತಾರೆ. ಒಂಬತ್ತನೆಯವರು ಬೋಟಿನಲ್ಲಿ ದುಡಿದು ಹಣ್ಣಾದವರು. ಹಿಮ್ಮಡಿ ಒಣಗಿದ ಗದ್ದೆಯಂತೆ ಬಿರಿದಿದೆ. ಮನೆಯಲ್ಲೇ ತಿಕ್ಕಿ ತೊಳೆದು ಬಂದಿದ್ದರೂ ಸರದಿ ಬಂದಾಗ ಬೆರಳು ಮುದುಡಿ, ಪಾದ ಕುರ್ಚಿಯಡಿಗೆ ಸರಿಯಿತು. ಪಾದ್ರಿಗಳು ಅಂಗೈ ಚಾಚಿಕೊಂಡೇ ಕಾದರು.

ಆ ಹಿಂಜರಿಕೆ ಯೇಸುವಿನ ಶಿಷ್ಯ ಪೇತ್ರನದು. ತನ್ನ ಕಾಲನ್ನು ಗುರುವೇ ತೊಳೆಯುವುದೆಂದರೇನು ಎಂದು ಅವನೂ ಒಪ್ಪಿರಲಿಲ್ಲ. ಯೋಹಾನನ ಸುವಾರ್ತೆಯ 13ನೆಯ ಅಧ್ಯಾಯದಲ್ಲಿ ಕಾಲು ತೊಳೆದಾದ ಮೇಲೆ ಯೇಸು, ನೀವೂ ಒಬ್ಬರ ಕಾಲನ್ನೊಬ್ಬರು ತೊಳೆಯಬೇಕು ಎನ್ನುತ್ತಾನೆ. ಎಷ್ಟು ನೇರವಾದ ಮಾತು! ಆದರೂ ಅದು ಊರಿಂದೂರಿಗೆ ಬೇರೆ ಬೇರೆಯಾಗಿ ಕೇಳಿಸಿತು. ನಾಲ್ಕನೆಯ ಶತಮಾನದಲ್ಲೇ ಮಿಲಾನಿನ ಬಿಷಪ್ ಆಂಬ್ರೋಸ್ ಹೊಸದಾಗಿ ದೀಕ್ಷಾಸ್ನಾನ ಪಡೆದವರ ಕಾಲು ತೊಳೆಯುತ್ತಿದ್ದರು. ರೋಮಿನಲ್ಲಿ ಈ ರೂಢಿಯಿಲ್ಲವೆಂದು ತಿಳಿದೂ ಬಿಡಲಿಲ್ಲ. ಮುಂದೆ ರೋಮಿನ ಸಭೆಯೂ ಇದನ್ನು ಅಪ್ಪಿಕೊಂಡಿತು. 1955ರಲ್ಲಿ ಪೋಪ್ ಹನ್ನೆರಡನೆಯ ಪಿಯೂಸ್ ಗುರುವಾರದ ಸಂಜೆಯ ಪೂಜೆಯೊಳಗೇ ಅದಕ್ಕೆ ಜಾಗ ಕೊಟ್ಟರು. ಆಗ ಕುರ್ಚಿಗಳು ಗಂಡಸರಿಗೆ ಮಾತ್ರ. 2013ರಲ್ಲಿ ಪೋಪ್ ಫ್ರಾನ್ಸಿಸ್ ರೋಮಿನ ಬಾಲಾಪರಾಧಿಗಳ ಸೆರೆಮನೆಗೆ ಹೋಗಿ, ಹುಡುಗಿಯರು, ಮುಸ್ಲಿಮರು ಸೇರಿದಂತೆ ಹನ್ನೆರಡು ಮಂದಿಯ ಕಾಲು ತೊಳೆದರು. ಗಂಡಸರಿಗೆ ಮಾತ್ರ ಎಂಬ ನಿಯಮ ಬದಲಾದದ್ದು 2016ರಲ್ಲಿ. ಮೊದಲು ಬೋಗುಣಿ, ಆಮೇಲೆ ಕಾಗದ.

ಅದೇ ಸಂಜೆ ಅದೇ ಊರಿನ ಪ್ರಾಟೆಸ್ಟಂಟ್ ಸಿಎಸ್‌ಐ (ದಕ್ಷಿಣ ಭಾರತ ಸಭೆ) ದೇವಾಲಯಗಳಲ್ಲಿ ಕರ್ತನ ಭೋಜನದ ರೊಟ್ಟಿ, ದ್ರಾಕ್ಷಾರಸ ಇರುತ್ತವೆ. ಬೋಗುಣಿ ಸಾಮಾನ್ಯವಾಗಿ ಇರುವುದಿಲ್ಲ. 1834ರಲ್ಲಿ ಬಾಸೆಲ್ ಮಿಷನ್ ಇಲ್ಲಿಗೆ ತಂದ ಪರಂಪರೆಯಲ್ಲಿ ಯೇಸುವಿನ ಈ ವಾಕ್ಯ ನೆರೆಯವನ ಸೇವೆಗೆ ಕೊಟ್ಟ ಕರೆ, ವಿಧಿಯಲ್ಲ. ವರ್ಷಕ್ಕೊಮ್ಮೆ ನೀರು ಹೊಯ್ದು ಉಳಿದ ದಿನ ದೊಡ್ಡಸ್ತಿಕೆ ಮೆರೆಯುವುದನ್ನು ಸುಧಾರಕ ಲೂಥರ್ ಒಪ್ಪುತ್ತಿರಲಿಲ್ಲ. ಆ ಎಚ್ಚರ ನನಗೆ ಅರ್ಥವಾಗುತ್ತದೆ. ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ಕಡೆಯ ಊಟದ ಕಥೆಯಲ್ಲಿ ಉಳಿದ ಮೂವರು ಸುವಾರ್ತಿಕರು ರೊಟ್ಟಿಯನ್ನಿಟ್ಟ ಕಡೆ ಯೋಹಾನ ಇಟ್ಟಿರುವುದು ಈ ಬೋಗುಣಿಯನ್ನು. ರೊಟ್ಟಿ ಹೆಚ್ಚುಕಡಿಮೆ ಎಲ್ಲ ಸಭೆಗಳಲ್ಲೂ ಸಂಸ್ಕಾರವಾಯಿತು, ಬೋಗುಣಿ ಏಕೆ ಆಗಲಿಲ್ಲ? ರೊಟ್ಟಿಗೆ ಕೈ ಚಾಚಿದಷ್ಟು ಸಲೀಸಾಗಿ ಕಾಲು ಚಾಚಲು ಬರುವುದಿಲ್ಲ ಎಂದೇ ನನ್ನ ಅನಿಸಿಕೆ. ಹಿರಿಯರ ಎದುರು ಕಾಲು ನೀಡಿ ಕೂರಬಾರದೆಂದು ಕಲಿತ ನಮಗಂತೂ ಇನ್ನೂ ಕಷ್ಟ.

ವಾಕ್ಯವನ್ನು ಅಕ್ಷರಶಃ ಹಿಡಿದವರೂ ಇದ್ದಾರೆ. 1708ರಲ್ಲಿ ಜರ್ಮನಿಯ ಶ್ವಾರ್ಜೆನೌದಲ್ಲಿ ಎಂಟು ಜನರಿಂದ ಹುಟ್ಟಿ, ಅಮೆರಿಕಕ್ಕೆ ವಲಸೆ ಹೋದ ಬ್ರೆದರನ್ ಸಭೆಯವರು ಪ್ರೀತಿಭೋಜನಕ್ಕೆ ಮೊದಲು ಕಾಲು ತೊಳೆಯುತ್ತಾರೆ. ಹತ್ತೊಂಬತ್ತನೆಯ ಶತಮಾನದಲ್ಲಿ ಅವರೊಳಗೇ ದೊಡ್ಡ ಜಿಜ್ಞಾಸೆ: ಒಬ್ಬರು ಸಾಲಾಗಿ ಹಲವರ ಕಾಲು ತೊಳೆದು, ಹಿಂದೆಯೇ ಇನ್ನೊಬ್ಬರು ಒರೆಸುತ್ತ ಬರುವುದೋ, ಇಲ್ಲ ಪ್ರತಿಯೊಬ್ಬರೂ ಪಕ್ಕದವರ ಕಾಲನ್ನು ತಾವೇ ತೊಳೆದು ತಾವೇ ಒರೆಸುವುದೋ? ಹೊರಗಿನವರಿಗೆ ಕ್ಷುಲ್ಲಕ ಅನ್ನಿಸಬಹುದು. ನನಗೆ ಹಾಗನ್ನಿಸುವುದಿಲ್ಲ. 'ಒಬ್ಬರನ್ನೊಬ್ಬರು' ಎಂದರೆ ಯಾರು ಯಾರನ್ನು ಎಂಬುದೇ ಅಲ್ಲಿದ್ದ ಪ್ರಶ್ನೆ.

ಸೆವೆಂತ್ ಡೇ ಅಡ್ವೆಂಟಿಸ್ಟರಲ್ಲಿ ಇದು ಸಾಮಾನ್ಯವಾಗಿ ಮೂರು ತಿಂಗಳಿಗೊಮ್ಮೆ, ಪ್ರಭುಭೋಜನಕ್ಕೆ ಮುಂಚೆ. ಗಂಡಸರು ಒಂದು ಕಡೆ, ಹೆಂಗಸರು ಇನ್ನೊಂದು ಕಡೆ, ಇಬ್ಬಿಬ್ಬರಾಗಿ. ಅಂಥ ಒಂದು ಕೋಣೆಯ ಬಾಗಿಲಲ್ಲಿ ನಿಂತು ನೋಡಿದ್ದೇನೆ. ಪ್ಲಾಸ್ಟಿಕ್ ಬೇಸಿನ್‌ಗಳು, ಉಗುರುಬೆಚ್ಚಗಿನ ನೀರು, ಮಡಿಸಿಟ್ಟ ಟವೆಲ್‌ಗಳು. ಸಭೆಯ ಹಿರಿಯರೊಬ್ಬರು ಇಪ್ಪತ್ತರ ಹುಡುಗನ ಎರಡೂ ಕಾಲನ್ನು ಸರಾಗವಾಗಿ ತೊಳೆದು, ಬೆರಳಸಂದಿಯನ್ನೂ ಬಿಡದೆ ಒರೆಸಿದರು. ಹುಡುಗ ಎದ್ದು ನೀರು ಬದಲಿಸಿ ತಂದ. "ಈಗ ನೀವು ಕೂತ್ಕೊಳ್ಳಿ ಅಂಕಲ್" ಎಂದ. ಹಿರಿಯರು ಟವೆಲ್ ಹಿಡಿದು ನಿಂತೇ ಇದ್ದರು. ಆಮೇಲೆ ಕೂತು, ಪ್ಯಾಂಟಿನ ಅಂಚನ್ನು ಒಂದೊಂದೇ ಮಡಿಕೆಯಾಗಿ ಮೇಲಕ್ಕೆ ಸುತ್ತತೊಡಗಿದರು.