ಹೊಗೆಕೊಳವೆಗೂ ಬೇಕು ವಾರ್ಷಿಕ ಪರಿಶೋಧನೆ

ಕೆಲವು ವರ್ಷಗಳ ಹಿಂದಿನ ಮಾತು. ನನ್ನ ಕಕ್ಷಿದಾರರೊಬ್ಬರ ಉಪಾಹಾರ ಗೃಹದಲ್ಲಿ ಒಂದು ಸಂಜೆ ಬಜ್ಜಿ ಕರಿಯುವ ಬಾಣಲೆಯಿಂದ ಎದ್ದ ಜ್ವಾಲೆಯು ಮೇಲಿನ ಹೊಗೆಕೊಳವೆಯನ್ನು ಹೊಕ್ಕಿತು. ಬಾಣಲೆಯ ಬೆಂಕಿಯನ್ನು ಕೆಲಸಗಾರರು ಎರಡೇ ನಿಮಿಷಗಳಲ್ಲಿ ಆರಿಸಿದರು. ಆದರೆ ಕೊಳವೆಯ ಒಳಮೈಗೆ ಮೆತ್ತಿಕೊಂಡಿದ್ದ ಎಣ್ಣೆಜಿಡ್ಡು ಹೊತ್ತಿಕೊಂಡು, ಬೆಂಕಿಯು ಮೇಲಂತಸ್ತಿನ ದಾಸ್ತಾನು ಕೊಠಡಿಯನ್ನು ತಲುಪಿತು. ದೈವಕೃಪೆಯಿಂದ ಪ್ರಾಣಹಾನಿಯಾಗಲಿಲ್ಲ. ದಾಸ್ತಾನು ಮಾತ್ರ ಬೂದಿಯಾಯಿತು.

ಮರುದಿನ ಬಂದ ವಿಮಾ ಸರ್ವೇಯರರು ಕೇಳಿದ ಮೊದಲ ಪ್ರಶ್ನೆ, “ಈ ಕೊಳವೆಯನ್ನು ಕೊನೆಯ ಬಾರಿ ಶುಚಿ ಮಾಡಿಸಿದ್ದು ಯಾವಾಗ?” ಮಾಲೀಕರು, “ದೀಪಾವಳಿಯ ಹೊತ್ತಿಗೆ ಮಾಡಿಸಿದ್ದೆವು ಸ್ವಾಮಿ” ಎಂದರು. ಯಾವ ವರ್ಷದ ದೀಪಾವಳಿ ಎಂಬುದಕ್ಕೆ ಬಿಲ್ಲು ಇರಲಿಲ್ಲ, ರಸೀದಿಯೂ ಇರಲಿಲ್ಲ. ನಗದು ಪುಸ್ತಕದಲ್ಲಿ ಹುಡುಕಿದಾಗ ‘ಇತರೆ ವೆಚ್ಚ’ ಎಂಬ ಒಂದೇ ಶೀರ್ಷಿಕೆಯ ಕೆಳಗೆ ಹತ್ತಾರು ಸಣ್ಣ ಖರ್ಚುಗಳು ಕೂಡಿಹೋಗಿದ್ದವು. ಆ ಲೆಕ್ಕಪತ್ರಗಳಿಗೆ ಸಹಿ ಹಾಕಿದ್ದವನು ನಾನೇ. ಆ ಶೀರ್ಷಿಕೆಯಲ್ಲಿ ಏನಿದೆ, ಏನಿಲ್ಲ ಎಂದು ನಾನು ಒಮ್ಮೆಯೂ ಕೇಳಿರಲಿಲ್ಲ. ಪರಿಹಾರದ ಹಣವು ಬಹಳ ತಡವಾಗಿ, ಅದೂ ಕಡಿತಗೊಂಡು ಕೈಸೇರಿತು. ಅಂದಿನಿಂದ ಈ ವಿಷಯವನ್ನು ನಾನು ಸ್ವಲ್ಪ ಆಸಕ್ತಿಯಿಂದ ಅಭ್ಯಾಸ ಮಾಡುತ್ತ ಬಂದಿದ್ದೇನೆ. ಅದರ ಸಾರಾಂಶವನ್ನು ಸದಸ್ಯ ಬಾಂಧವರ ಮುಂದಿಡುವುದು ಈ ಲೇಖನದ ಉದ್ದೇಶ.

ತಪಾಸಣೆ ಬೇರೆ, ಶುಚಿಕಾರ್ಯ ಬೇರೆ

“ಹೊಗೆಕೊಳವೆಯನ್ನು ಎಷ್ಟು ದಿನಕ್ಕೊಮ್ಮೆ ಶುಚಿ ಮಾಡಿಸಬೇಕು?” ಎಂದು ಅನೇಕರು ಕೇಳುತ್ತಾರೆ. ವಾಸ್ತವದಲ್ಲಿ ಇಲ್ಲಿ ಎರಡು ಪ್ರಶ್ನೆಗಳಿವೆ: ಎಷ್ಟು ದಿನಕ್ಕೊಮ್ಮೆ ನೋಡಬೇಕು ಮತ್ತು ಯಾವಾಗ ಶುಚಿ ಮಾಡಬೇಕು. ಅನೇಕ ಮನೆಗಳಲ್ಲಿ ಹೊಗೆಗೂಡುಗಳಿರುವ ಅಮೆರಿಕದಲ್ಲಿ ರಾಷ್ಟ್ರೀಯ ಅಗ್ನಿ ಸಂರಕ್ಷಣಾ ಸಂಘದ (ಎನ್‌ಎಫ್‌ಪಿಎ) 211ನೆಯ ಮಾನದಂಡವು ಇವೆರಡನ್ನೂ ಬೇರ್ಪಡಿಸಿದೆ. ಬಳಕೆ ಹೆಚ್ಚಿರಲಿ, ಕಡಿಮೆಯಿರಲಿ, ವರ್ಷಕ್ಕೆ ಒಮ್ಮೆಯಾದರೂ ತಪಾಸಣೆ ನಡೆಯಬೇಕು. ಶುಚಿಕಾರ್ಯ ಹಾಗೂ ದುರಸ್ತಿಯು ತಪಾಸಣೆಯಲ್ಲಿ ಕಂಡುಬಂದ ಸ್ಥಿತಿಯನ್ನು ಅವಲಂಬಿಸಿರುತ್ತದೆ.

ಒಳಮೈಯಲ್ಲಿ ಮಸಿಯು ಒಂದು ಅಂಗುಲದ ಎಂಟನೆಯ ಒಂದು ಭಾಗದಷ್ಟು, ಅಂದರೆ ಸುಮಾರು 3 ಮಿಲಿಮೀಟರ್ ದಪ್ಪವಾದರೆ ಶುಚಿ ಮಾಡಲೇಬೇಕೆಂದು ಆ ದೇಶದ ಹೊಗೆಗೂಡು ಸುರಕ್ಷತಾ ಸಂಸ್ಥೆಯು ಹೇಳುತ್ತದೆ. ಒಂದು ರೂಪಾಯಿಯ ಎರಡು ನಾಣ್ಯಗಳನ್ನು ಒಂದರ ಮೇಲೊಂದು ಇಟ್ಟರೆ ಹೆಚ್ಚುಕಡಿಮೆ ಅಷ್ಟೇ ದಪ್ಪ. ಈ ಅಳತೆಯನ್ನು ಓದುಗರು ನೆನಪಿನಲ್ಲಿಡಬೇಕಾಗಿ ವಿನಂತಿ.

ವ್ಯಾಪಾರಿಗಳಿಗೆ ಇದು ಹೊಸ ತತ್ವವೇನೂ ಅಲ್ಲ. ಲೆಕ್ಕಪರಿಶೋಧನೆ ವರ್ಷಕ್ಕೊಮ್ಮೆ ತಪ್ಪದೆ ನಡೆಯುತ್ತದೆ. ತಪ್ಪು ಕಂಡಲ್ಲಿ ತಿದ್ದುಪಡಿ ಆಗುತ್ತದೆ. ತಪ್ಪು ಇರಲಾರದೆಂಬ ನಂಬಿಕೆಯಿಂದ ಯಾರೂ ಪರಿಶೋಧನೆಯನ್ನೇ ಕೈಬಿಡುವುದಿಲ್ಲ.

ಉರುವಲಿಗೆ ತಕ್ಕಂತೆ ಅವಧಿ

ಮಸಿ ಕಟ್ಟುವ ವೇಗವು ಉರುವಲನ್ನು ಅವಲಂಬಿಸಿದೆ. ಇಂಗ್ಲೆಂಡಿನ ಅಗ್ನಿಶಾಮಕ ಸೇವೆಗಳು ಮನೆಮಾಲೀಕರಿಗೆ ನೀಡುವ ಸಲಹೆಯಂತೆ, ಅನಿಲ, ಎಣ್ಣೆ ಅಥವಾ ಹೊಗೆರಹಿತ ಕಲ್ಲಿದ್ದಲಿಗೆ ವರ್ಷಕ್ಕೊಮ್ಮೆ, ಸಾಮಾನ್ಯ ಕಲ್ಲಿದ್ದಲಿಗೆ ಎರಡು ಬಾರಿ, ಸೌದೆಗೆ ನಾಲ್ಕು ಬಾರಿಯವರೆಗೆ ಶುಚಿಕಾರ್ಯ ಆಗಬೇಕು. ಸೌದೆಯ ಹೊಗೆಯು ತಣ್ಣನೆಯ ಕೊಳವೆಗೆ ತಗುಲಿದಾಗ ಕ್ರಿಯೋಸೋಟ್ ಎಂಬ ಡಾಂಬರಿನಂತಹ ಅಂಟು ಕಟ್ಟಿಕೊಳ್ಳುತ್ತದೆ. ಇದು ಸುಲಭವಾಗಿ ಹೊತ್ತಿಕೊಳ್ಳುವ ವಸ್ತು. ಒಮ್ಮೆ ಹೊತ್ತಿದರೆ ಕೊಳವೆಯೊಳಗಿನ ಉಷ್ಣತೆಯು 1,000 ಡಿಗ್ರಿ ಸೆಲ್ಸಿಯಸ್‌ಗಿಂತಲೂ ಮೇಲೇರಬಹುದು. ಹಸಿ ಸೌದೆ ಉರಿಸಿದಷ್ಟೂ ಈ ಅಂಟು ಹೆಚ್ಚು.

ನಮ್ಮಲ್ಲಿ ಚಳಿ ಕಾಯಿಸುವ ಅಗ್ಗಿಷ್ಟಿಕೆಗಳು ವಿರಳವಾದರೂ ಸೌದೆಯ ಹೊಗೆಕೊಳವೆಗಳೇನೂ ಕಡಿಮೆಯಿಲ್ಲ. ಮಲೆನಾಡು ಹಾಗೂ ಕರಾವಳಿಯ ಬಚ್ಚಲುಮನೆಯ ಹಂಡೆ ಒಲೆ, ಬೇಕರಿಯ ಸೌದೆ ಒಲೆ, ಭಾರತೀಯ ವಿಜ್ಞಾನ ಸಂಸ್ಥೆಯ ‘ಅಸ್ತ್ರ’ ಕೇಂದ್ರವು ರೂಪಿಸಿದ ಅಸ್ತ್ರ ಒಲೆ, ಇವೆಲ್ಲಕ್ಕೂ ಮೇಲಿನ ಮಾತು ಅನ್ವಯಿಸುತ್ತದೆ. ಹಬ್ಬದ ಮುನ್ನ ಮಾಡಿನ ಇಲ್ಲಣ ತೆಗೆಯುವ ಪದ್ಧತಿ ನಮ್ಮ ಹಿರಿಯರಲ್ಲಿತ್ತು. ಮಾಡಿನ ಇಲ್ಲಣ ಕಣ್ಣಿಗೆ ಬೀಳುತ್ತದೆ. ಕೊಳವೆಯೊಳಗಿನದು ಬೀಳುವುದಿಲ್ಲ ಎಂಬುದಷ್ಟೇ ವ್ಯತ್ಯಾಸ.

ಉಪಾಹಾರ ಗೃಹಗಳು ಮತ್ತು ಕಲ್ಯಾಣ ಮಂಟಪಗಳು

ವಾಣಿಜ್ಯ ಅಡುಗೆಮನೆಗಳಿಗೆ ಎನ್‌ಎಫ್‌ಪಿಎಯ 96ನೆಯ ಮಾನದಂಡವಿದೆ. ನಮ್ಮ ದೇಶದಲ್ಲಿ ಇದು ಕಾನೂನಲ್ಲವಾದರೂ ಮಾರ್ಗದರ್ಶಿಯಾಗಿ ಉಪಯುಕ್ತ. ಅದರಂತೆ ತಪಾಸಣೆಯ ಅವಧಿ ಹೀಗಿದೆ:

1. ಸೌದೆ, ಇದ್ದಿಲು ಮುಂತಾದ ಘನ ಉರುವಲಿನ ಅಡುಗೆಗೆ ತಿಂಗಳಿಗೊಮ್ಮೆ.
2. ಹಗಲಿರುಳು ನಡೆಯುವ ಅಥವಾ ಅಧಿಕ ಪ್ರಮಾಣದ ಅಡುಗೆಗೆ ಮೂರು ತಿಂಗಳಿಗೊಮ್ಮೆ.
3. ಮಧ್ಯಮ ಪ್ರಮಾಣದ ಅಡುಗೆಗೆ ಆರು ತಿಂಗಳಿಗೊಮ್ಮೆ.
4. ಅಲ್ಪ ಪ್ರಮಾಣದ ಅಥವಾ ಋತುಮಾನದ ಅಡುಗೆಗೆ ವರ್ಷಕ್ಕೊಮ್ಮೆ.

ಇದ್ದಿಲಿನ ತಂದೂರಿ ಒಲೆಯುಳ್ಳವರು ಮೊದಲ ವರ್ಗಕ್ಕೆ ಸೇರುತ್ತಾರೆ. ಬೆಳಗಿನ ಇಡ್ಲಿಯಿಂದ ರಾತ್ರಿಯ ಊಟದವರೆಗೆ ಒಲೆ ಆರದ ದರ್ಶಿನಿಗಳು ತಮ್ಮನ್ನು ಎರಡನೆಯ ವರ್ಗದಲ್ಲಿ ಪರಿಗಣಿಸುವುದು ಕ್ಷೇಮ. ಕಲ್ಯಾಣ ಮಂಟಪದವರಿಗೆ ವರ್ಷಕ್ಕೊಮ್ಮೆ ಸಾಕೆನಿಸಿದರೂ, ಅದನ್ನು ಆಷಾಢದಲ್ಲಿ ಮಂಟಪ ಖಾಲಿಯಿರುವಾಗಲೇ ಮುಗಿಸಿಕೊಳ್ಳಬೇಕು. ಮುಚ್ಚಿದ ಕೊಳವೆಯಲ್ಲಿ ಹಕ್ಕಿ ಗೂಡು ಕಟ್ಟಿರುವ ಸಾಧ್ಯತೆಯೂ ಉಂಟು.

ಬಾಯ್ಲರ್ ಇರುವ ಘಟಕಗಳು

ಅಕ್ಕಿ ಗಿರಣಿ, ಬಣ್ಣಗಾರಿಕೆ ಮುಂತಾದ ಘಟಕಗಳಲ್ಲಿ ಬಾಯ್ಲರ್‌ಗೆ ಶಾಸನಬದ್ಧ ತಪಾಸಣೆ ಇದೆ. 1923ರ ಬಾಯ್ಲರ್ ಕಾಯಿದೆಯ ಸ್ಥಾನಕ್ಕೆ ಈಗ 2025ರ ಕಾಯಿದೆ ಬಂದಿದೆ. ಆದರೆ ಗೋಡೆಯ ಮೇಲೆ ಪ್ರಮಾಣಪತ್ರ ತೂಗುಹಾಕಿದ ಮಾತ್ರಕ್ಕೆ ಮಸಿ ಕಟ್ಟುವುದು ನಿಲ್ಲುವುದಿಲ್ಲ.

ಇಲ್ಲಿ ಬೆಂಕಿಯ ಭಯಕ್ಕಿಂತ ಮೊದಲು ಕಾಣುವುದು ಉರುವಲಿನ ನಷ್ಟ. ಕೇಂದ್ರ ಸರ್ಕಾರದ ಇಂಧನ ದಕ್ಷತಾ ಬ್ಯೂರೋದ ಕೈಪಿಡಿಯ ಪ್ರಕಾರ, ಶಾಖ ಹೀರುವ ಮೇಲ್ಮೈಯಲ್ಲಿ 3 ಮಿಲಿಮೀಟರ್ ಮಸಿ ಕಟ್ಟಿದರೆ ಉರುವಲಿನ ಬಳಕೆ ಸುಮಾರು ಶೇ. 2.5ರಷ್ಟು ಏರುತ್ತದೆ. ಚಿಮಣಿಯಿಂದ ಹೊರಹೋಗುವ ಹೊಗೆಯ ಉಷ್ಣತೆ ಪ್ರತಿ 22 ಡಿಗ್ರಿ ಸೆಲ್ಸಿಯಸ್ ಹೆಚ್ಚಾದಂತೆ ದಕ್ಷತೆ ಶೇ. 1ರಷ್ಟು ಕುಗ್ಗುತ್ತದೆ.

ಉದಾಹರಣೆಗೆ, ವರ್ಷಕ್ಕೆ 20 ಲಕ್ಷ ರೂಪಾಯಿಗಳ ಉರುವಲು ಸುಡುವ ಘಟಕವೊಂದನ್ನು ತೆಗೆದುಕೊಳ್ಳೋಣ. ಶೇ. 2.5 ಎಂದರೆ 50,000 ರೂಪಾಯಿ. ಶೇ. 8ರ ನಿವ್ವಳ ಲಾಭದಲ್ಲಿ ನಡೆಯುವ ಉದ್ಯಮಿಯು ಈ ಹಣವನ್ನು ಮರಳಿ ಗಳಿಸಲು 6,25,000 ರೂಪಾಯಿಗಳ ಹೆಚ್ಚುವರಿ ಮಾರಾಟ ಮಾಡಬೇಕು. ಎರಡು ನಾಣ್ಯಗಳ ದಪ್ಪದ ಮಸಿಯ ಬೆಲೆ ಇದು. ಚಿಮಣಿಯ ಬುಡದಲ್ಲಿ ಒಂದು ಉಷ್ಣಮಾಪಕವನ್ನು ಅಳವಡಿಸಿ ದಿನಕ್ಕೊಮ್ಮೆ ಅಂಕಿ ಬರೆದಿಟ್ಟರೆ, ನಳಿಗೆಗಳನ್ನು ಯಾವಾಗ ಶುಚಿ ಮಾಡಬೇಕೆಂಬುದು ತಾನಾಗಿ ಗೊತ್ತಾಗುತ್ತದೆ.

ನಮ್ಮ ಮನೆಗಳ ವಿಷಯ

ಕಾರ್ಖಾನೆಯ ಬಗ್ಗೆ ಎಚ್ಚರವಾಗಿರುವ ಉದ್ಯಮಿಯು ಸ್ವಂತ ಮನೆಯನ್ನು ಮರೆಯುವುದು ಸಾಮಾನ್ಯ. ಅಡುಗೆಮನೆಯ ವಿದ್ಯುತ್ ಚಿಮಣಿಯ ಜಾಲರಿಯನ್ನು ಹದಿನೈದು ದಿನಕ್ಕೊಮ್ಮೆ ನೋಡಿ, ಜಿಡ್ಡು ಕಂಡರೆ ಬಿಸಿನೀರು ಹಾಗೂ ಸಾಬೂನಿನಿಂದ ತೊಳೆಯಬೇಕು. ಇದ್ದಿಲಿನ ಶೋಧಕವನ್ನು ತೊಳೆಯುವುದಲ್ಲ, ತಯಾರಕರು ಸೂಚಿಸಿದ ಅವಧಿಗೆ ಬದಲಾಯಿಸಬೇಕು. ಇನ್ನು ಸ್ನಾನಗೃಹದ ಗ್ಯಾಸ್ ಗೀಸರ್. ಗಾಳಿಯ ಸಂಚಾರವಿಲ್ಲದ ಕೋಣೆಯಲ್ಲಿ, ಅಥವಾ ಹೊಗೆಯ ದಾರಿ ಕಟ್ಟಿಕೊಂಡಲ್ಲಿ, ಬಣ್ಣವೂ ವಾಸನೆಯೂ ಇಲ್ಲದ ಕಾರ್ಬನ್ ಮೊನಾಕ್ಸೈಡ್ ತುಂಬಿಕೊಂಡು ಅರಿವು ತಪ್ಪಿಸಬಲ್ಲದು. ಇದನ್ನು ವರ್ಷಕ್ಕೊಮ್ಮೆ ತಿಳಿದವರಿಂದ ಪರೀಕ್ಷಿಸುವುದು ಕಡ್ಡಾಯವೆಂದೇ ಭಾವಿಸಬೇಕು.

ಕೊಳವೆ ಶುಚಿ ಮಾಡುವ ಕೆಲಸಗಾರನ ಕ್ಷೇಮವೂ ನಮ್ಮ ಹೊಣೆ. ಹೊಗೆಗೂಡು ಗುಡಿಸುವವರಲ್ಲಿ ಕಾಣುತ್ತಿದ್ದ ಕ್ಯಾನ್ಸರಿಗೆ ಮಸಿಯೇ ಕಾರಣವೆಂದು ಇಂಗ್ಲೆಂಡಿನ ಶಸ್ತ್ರವೈದ್ಯ ಪರ್ಸಿವಲ್ ಪಾಟ್ 1775ರಲ್ಲೇ ಗುರುತಿಸಿದ್ದರು. ಮುಖಗವಸು, ಕೈಗವಸುಗಳಿಲ್ಲದೆ ಯಾರನ್ನೂ ಈ ಕೆಲಸಕ್ಕೆ ಹಚ್ಚಬಾರದು.

ಪುಸ್ತಕದಲ್ಲಿ ಬರೆದಿಡಿ

ಲೆಕ್ಕಪರಿಶೋಧಕನಾಗಿ ನನ್ನ ಸಲಹೆಗಳು ಮೂರು.

ಒಂದು, ಹೊಗೆಕೊಳವೆಯ ತಪಾಸಣೆ ಹಾಗೂ ಶುಚಿಕಾರ್ಯಕ್ಕೆ ಪ್ರತ್ಯೇಕ ನೋಂದಣಿ ಪುಸ್ತಕವಿರಲಿ. ದಿನಾಂಕ, ನೋಡಿದವರು, ಕಂಡ ಸ್ಥಿತಿ, ಮಾಡಿದ ಕೆಲಸ, ಬಿಲ್ಲಿನ ಸಂಖ್ಯೆ, ಈ ಐದು ಅಂಕಣಗಳು ಸಾಕು. ಬಿಲ್ಲಿನೊಂದಿಗೆ ಶುಚಿಯ ಮೊದಲಿನ ಮತ್ತು ನಂತರದ ಛಾಯಾಚಿತ್ರಗಳನ್ನು ಲಗತ್ತಿಸಿ.

ಎರಡು, ಈ ವೆಚ್ಚವನ್ನು ‘ದುರಸ್ತಿ ಮತ್ತು ನಿರ್ವಹಣೆ’ ಶೀರ್ಷಿಕೆಯಲ್ಲಿ ತೋರಿಸಿ. ಇರುವ ಆಸ್ತಿಯನ್ನು ಸುಸ್ಥಿತಿಯಲ್ಲಿಡುವ ಖರ್ಚು ಸಾಮಾನ್ಯವಾಗಿ ರಾಜಸ್ವ ವೆಚ್ಚವಾಗಿದ್ದು, ಆದಾಯದಿಂದ ಕಳೆಯಲು ಅರ್ಹ. ಹೊಸ ಕೊಳವೆಯನ್ನೇ ಹಾಕಿಸಿದರೆ ಅದು ಬಂಡವಾಳ ವೆಚ್ಚ. ಜಿಎಸ್‌ಟಿಯನ್ನು ಶೇ. 5ರ ದರದಲ್ಲಿ ಕಟ್ಟುವ ಉಪಾಹಾರ ಗೃಹಗಳಿಗೆ ಹೂಡುವಳಿ ತೆರಿಗೆಯ ಜಮೆ ದೊರೆಯದು. ಆದ್ದರಿಂದ ಆ ತೆರಿಗೆಯನ್ನೂ ವೆಚ್ಚಕ್ಕೆ ಸೇರಿಸಿಯೇ ಅಂದಾಜು ಮಾಡಬೇಕು.

ಮೂರು, ವಿಮಾ ಪಾಲಿಸಿಯನ್ನು ಕಪಾಟಿನಲ್ಲಿಡುವ ಮೊದಲು ಒಮ್ಮೆ ಓದಿ. 2021ರ ಏಪ್ರಿಲ್ 1ರಿಂದ ಮನೆಗಳಿಗೆ ಭಾರತ್ ಗೃಹ ರಕ್ಷಾ, 5 ಕೋಟಿ ರೂಪಾಯಿವರೆಗಿನ ಮೌಲ್ಯದ ಉದ್ಯಮಗಳಿಗೆ ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ, ಅದಕ್ಕೆ ಮೇಲ್ಪಟ್ಟು 50 ಕೋಟಿವರೆಗೆ ಭಾರತ್ ಲಘು ಉದ್ಯಮ ಸುರಕ್ಷಾ ಪಾಲಿಸಿಗಳು ಜಾರಿಗೆ ಬಂದಿವೆ. ವಿಮೆ ಮಾಡಿಸಿದವನು ವಹಿಸಬೇಕಾದ ಎಚ್ಚರಿಕೆಗಳನ್ನು ಹೇಳುವ ಭಾಗವನ್ನು ವಿಶೇಷವಾಗಿ ಗಮನಿಸಿ. ಎಚ್ಚರಿಕೆ ವಹಿಸಿದ್ದೇವೆಂದು ಬಾಯಿಮಾತಿನಲ್ಲಿ ಹೇಳುವುದಕ್ಕೂ ದಾಖಲೆ ತೋರಿಸುವುದಕ್ಕೂ ಇರುವ ಅಂತರವನ್ನು ನನ್ನ ಕಕ್ಷಿದಾರರು ಕಷ್ಟಪಟ್ಟು ಕಲಿತರು. ಅವರೊಂದಿಗೆ ನಾನೂ ಕಲಿತೆ.

ಅವರ ಉಪಾಹಾರ ಗೃಹವು ಈಗ ಮತ್ತೆ ಚೆನ್ನಾಗಿ ನಡೆಯುತ್ತಿದೆ. ಪ್ರತಿ ಮೂರು ತಿಂಗಳಿಗೊಮ್ಮೆ, ಗಿರಾಕಿ ವಿರಳವಾಗಿರುವ ಮಧ್ಯಾಹ್ನದ ಹೊತ್ತಿನಲ್ಲಿ ಒಲೆ ಆರಿಸಿ ಕೊಳವೆಯ ಮುಚ್ಚಳ ತೆಗೆದು ನೋಡುತ್ತಾರೆ. ಪರಿಶೋಧನೆಗೆಂದು ಹೋದಾಗ ನಾನು ನಗದು ಪುಸ್ತಕಕ್ಕಿಂತ ಮೊದಲು ಆ ನೋಂದಣಿ ಪುಸ್ತಕವನ್ನು ಕೇಳಿ ಪಡೆಯುತ್ತೇನೆ. ಸದಸ್ಯ ಬಾಂಧವರು ಈ ತಿಂಗಳೇ ತಮ್ಮ ಅಂಗಡಿ, ಕಾರ್ಖಾನೆ ಹಾಗೂ ಮನೆಯ ಹೊಗೆಕೊಳವೆಗಳನ್ನು ಒಮ್ಮೆ ತೆಗೆಸಿ ನೋಡಿ, ಅಂತಹ ಪುಸ್ತಕದ ಮೊದಲ ಸಾಲನ್ನು ಬರೆದಲ್ಲಿ ಈ ಲೇಖನದ ಶ್ರಮ ಸಾರ್ಥಕವಾದಂತೆ.